ಕರ್ತೃ-ಕ್ರಿಯಾಪದಗಳ ಹೊಂದಿಕೆ: ಗೋಕಾವಿ ಸೀಮೆಯಲ್ಲಿ ಇಂಗ್ಲೀಷು ವ್ಯಾಕರಣದ ಇತಿಹಾಸ

ಪರಭಾಷೆಯನ್ನು ಕಲಿಯುವವನಿಗೆ ಶಬ್ದಗಳ ಅರ್ಥವು ಬೇಗನೆ ತಿಳಿಯುವದು. ಶಬ್ದ ಶಬ್ದಗಳಿಗಿರುವ ಸಂಬಂಧವು ಮಾತ್ರ ಬಹುಕಾಲದ ವರೆಗೆ ಕೈಗೆ ಹತ್ತುವದಿಲ್ಲ. ಕರ್ತೃವು ಏಕವಚನದಲ್ಲಿದ್ದರೆ ಕ್ರಿಯಾಪದವೂ ಏಕವಚನದಲ್ಲಿರಬೇಕು, ಕರ್ತೃವು ಬಹುವಚನದಲ್ಲಿದ್ದರೆ ಕ್ರಿಯಾಪದವೂ ಹಾಗೆಯೇ ಇರಬೇಕು ಎಂಬ ನಿಯಮವು ಹೇಳುವದಕ್ಕೆ ಒಂದೇ ಸಾಲಿನದು. ಆದರೆ ಇಂಗ್ಲೀಷು ಕಲಿಯುವ ಕನ್ನಡ ವಿದ್ಯಾರ್ಥಿಗಳು ತಲೆಮಾರುಗಳಿಂದ ಮೇಲಿಂದ ಮೇಲೆ ಎಡವುತ್ತ ಬಂದಿರುವದು ಈ ಒಂದು ಸಾಲಿನಲ್ಲಿಯೇ. “ಹೀ ಗೋ” ಎಂದು ಬರೆದ ಹುಡುಗನ ಕಾಗದದ ಮೇಲೆ ಕೆಂಪು ಗೆರೆ ಬೀಳುವದು. “ಮೈ ಫಾದರ್ ಆರ್ ಕಮಿಂಗ್” ಎಂದವನನ್ನು ಕಂಡು ವರ್ಗದ ಉಳಿದ ಹುಡುಗರು ನಗುವರು. ಆ ತಪ್ಪು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಇಂಗ್ಲೀಷು ವ್ಯಾಕರಣವು ಕಾಲಿಟ್ಟ ಬಗೆಯನ್ನು ನೋಡಿದರೆ, ಇಂಥ ತಪ್ಪುಗಳಲ್ಲಿ ಬಹುಭಾಗವು ಅಜ್ಞಾನದಿಂದ ಹುಟ್ಟಿದವಲ್ಲ, ಮಗುವು ಮನೆಯಲ್ಲಿ ಕಲಿತ ಇನ್ನೊಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುವದರಿಂದ ಹುಟ್ಟಿದವು ಎಂಬದು ತಿಳಿಯುವದು.

1. ನಾಡಿನ ನಿಯಮ

ಈ ಸೀಮೆಯು ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳೆಂದು ಹೇಳುವ ನಾಲ್ಕು ಊರುಗಳಲ್ಲಿ ಒಂದಾದ ಒಕ್ಕುಂದವು ಇದೇ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಭಾಗದಲ್ಲಿದೆ. ಗೋಕಾಕಕ್ಕೆ ಸಮೀಪವಾದ ಕೊಣ್ಣೂರಿನಲ್ಲಿ ರಟ್ಟರ ಕಾಲದ ಶಾಸನಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಸಾಹೇಬರು ಅವುಗಳನ್ನು ಓದಿ ಪ್ರಕಟಿಸಿದರು. ಮೂಡಲಗಿಯು ಇತ್ತೀಚೆಗೆ ಪ್ರತ್ಯೇಕ ತಾಲೂಕಾಗುವ ವರೆಗೆ ಗೋಕಾಕ ತಾಲೂಕಿಗೇ ಸೇರಿದ್ದಿತು. ಹುಕ್ಕೇರಿಯು ಆದಿಲಶಾಹಿಯ ಕಾಲದ ಗುಮ್ಮಟಗಳನ್ನು ಇಂದಿಗೂ ಹೊತ್ತು ನಿಂತಿರುವ ಊರು.

ಇಂಥ ನಾಡಿನ ಮಗುವು ಶಾಲೆಯ ಮುಖವನ್ನು ನೋಡುವ ಮೊದಲೇ ಕರ್ತೃ-ಕ್ರಿಯಾಪದಗಳ ಹೊಂದಿಕೆಯನ್ನು ಬಲ್ಲದು. “ಅಂವ ಬಂದ, ಅಕಿ ಬಂದ್ಳು, ಅದು ಬಂತು, ಅವರು ಬಂದ್ರು, ಅವು ಬಂದ್ವು, ನಾ ಬಂದೆ, ನೀ ಬಂದಿ, ನಾವು ಬಂದ್ವಿ, ನೀವು ಬಂದ್ರಿ” ಎಂದು ಮೂರು ವರುಷದ ಕೂಸು ಸಹ ತಪ್ಪಿಲ್ಲದೆ ಆಡುವದು. ಇಲ್ಲಿ ಕ್ರಿಯಾಪದವು ಕರ್ತೃವಿನ ಲಿಂಗ, ವಚನ, ಪುರುಷಗಳೆಂಬ ಮೂರನ್ನೂ ಹೇಳುತ್ತದೆ. ಆದುದರಿಂದಲೇ “ಬಂದ್ಳು” ಎಂದರೆ ಸಾಕು. ಬಂದವಳು ಒಬ್ಬ ಹೆಣ್ಣುಮಗಳು, ಆಕೆಯು ಮಾತನಾಡುವವಳೂ ಅಲ್ಲ ಕೇಳುವವಳೂ ಅಲ್ಲ ಎಂಬಷ್ಟೂ ತಿಳಿಯುವದು. ಕರ್ತೃಪದವನ್ನು ಬಿಟ್ಟರೂ ವಾಕ್ಯವು ಕುಂಟುವದಿಲ್ಲ.

ಈ ನಿಯಮಗಳನ್ನು ನಮ್ಮ ಪೂರ್ವಿಕರು ಅರಿಯದೆ ಇರಲಿಲ್ಲ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನೂ ಜನ್ನ ಕವಿಯ ಸೋದರಳಿಯನೂ ಆದ ಕೇಶಿರಾಜನು ಕ್ರಿ. ಶ. 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ವನ್ನು ರಚಿಸಿ, ಅದರ ಆಖ್ಯಾತ ಪ್ರಕರಣದಲ್ಲಿ ಕ್ರಿಯಾಪದಕ್ಕೆ ಹತ್ತುವ ಪ್ರತ್ಯಯಗಳನ್ನು ವಿವರಿಸಿದನು. ಅವನಿಗಿಂತ ಮೊದಲು ನಾಗವರ್ಮನು ‘ಕರ್ಣಾಟಕ ಭಾಷಾಭೂಷಣ’ವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದಿದ್ದನು. 1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳಿಂದ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರ್ಣಗೊಳಿಸಿದನು. ಸಂಸ್ಕೃತದಲ್ಲಿ ಕಲ್ಲು, ನದಿ, ಗಿಡಗಳಿಗೂ ಸ್ತ್ರೀ-ಪುರುಷ ಭೇದವುಂಟು. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದೆಲ್ಲವೂ ನಪುಂಸಕಲಿಂಗ. ಅರ್ಥವೇ ಲಿಂಗವನ್ನು ನಿಶ್ಚಯಿಸುತ್ತದೆ. 1856ರಲ್ಲಿ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಪಂಡಿತನು ವಿವೇಕವುಳ್ಳವು, ವಿವೇಕವಿಲ್ಲದವು ಎಂಬ ಈ ವಿಭಾಗವನ್ನು ದ್ರಾವಿಡ ಕುಲದ ವಿಶಿಷ್ಟ ಲಕ್ಷಣವೆಂದು ಎತ್ತಿ ತೋರಿಸಿದನು.

ಆದರೆ ಈ ಶಾಸ್ತ್ರಗ್ರಂಥಗಳು ಓಲೆಗರಿಗಳಲ್ಲಿಯೂ ಪಂಡಿತರ ಕಂಠದಲ್ಲಿಯೂ ಇದ್ದವು. ಹುಡುಗರು ಓದುತ್ತಿದ್ದ ಐಗಳ ಮಠಗಳಿಗೆ ಅವು ಬರಲಿಲ್ಲ. ಕನ್ನಡದ ಮಗುವು ತನ್ನ ಭಾಷೆಯ ನಿಯಮವನ್ನು ಪಾಲಿಸುತ್ತಿದ್ದಿತು, ಅದನ್ನು ನಿಯಮವೆಂದು ಅರಿಯುತ್ತಿರಲಿಲ್ಲ. ಇಂಗ್ಲೀಷು ಬಂದಾಗ ತೊಡಕು ಉಂಟಾದದ್ದು ಇಲ್ಲಿಂದಲೇ.

2. ಇಂಗ್ಲೀಷಿನ ಆಗಮನ

ಪೇಶವೆಯರ ಆಳಿಕೆಯು 1818ರಲ್ಲಿ ಮುಗಿಯುತ್ತಲೆ ಈ ಸೀಮೆಯು ಕುಂಪಣಿ ಸರಕಾರದ ಕೈಗೆ ಬಂದಿತು. 1836ರಲ್ಲಿ ಧಾರವಾಡದಿಂದ ಬೇರ್ಪಡಿಸಿ ಬೆಳಗಾವಿಯನ್ನು ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡಲಾಯಿತು. ಪೇಶವೆಯರ ಕಾಲದಿಂದ ದಫ್ತರಗಳಲ್ಲಿ ಮರಾಠಿಯೇ ರೂಢವಾಗಿದ್ದುದರಿಂದ ಸರಕಾರವು ಮೊದಲು ತೆರೆದ ಶಾಲೆಗಳಲ್ಲಿ ಮರಾಠಿಗೆ ಪ್ರಾಧಾನ್ಯವು ದೊರೆಯಿತು. ಧಾರವಾಡದಲ್ಲಿ ವಾಲ್ಟರ್ ಇಲಿಯಟ್ ಸಾಹೇಬರು 1830ರ ಸುಮಾರಿಗೆ ಕನ್ನಡ ಶಾಲೆಯನ್ನು ತೆರೆದದ್ದೂ, ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಊರೂರು ತಿರುಗಿ ಕನ್ನಡ ಶಾಲೆಗಳನ್ನು ಬೆಳೆಸಿದ್ದೂ ಕರ್ನಾಟಕದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆ ಚೆನ್ನಬಸಪ್ಪನವರೇ ಷೇಕ್ಸ್‌ಪಿಯರನ ಒಂದು ಪ್ರಹಸನವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಇಂಗ್ಲೀಷನ್ನು ಬಲ್ಲವರು ಕನ್ನಡವನ್ನು ಬಿಡಬೇಕೆಂಬ ನಿಯಮವೇನೂ ಆಗ ಇರಲಿಲ್ಲವೆಂಬದಕ್ಕೆ ಇದೊಂದು ಸಾಕ್ಷಿ.

ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನವರು 1820ರಲ್ಲಿ ನೆಲೆಯೂರಿ ಶಾಲೆಗಳನ್ನು ನಡೆಸಿದರು. ಬೆನನ್, ಸ್ಮಿತ್ ಎಂಬ ಪಾದ್ರಿಗಳ ಹೆಸರನ್ನು ಹೊತ್ತ ಹಾಯಸ್ಕೂಲು ಅವರ ಕಾರ್ಯದ ಫಲ. 1854ರ ವುಡ್ ಸಾಹೇಬರ ಆಜ್ಞಾಪತ್ರ, 1857ರ ಮುಂಬಯಿ ವಿಶ್ವವಿದ್ಯಾಲಯ, 1859ರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ಇವು ಒಂದರ ಹಿಂದೆ ಒಂದು ಬಂದವು. ಅಂದಿನಿಂದ ಇಂಗ್ಲೀಷು ವ್ಯಾಕರಣವು ವಿದ್ಯೆಯಷ್ಟೇ ಆಗಿ ಉಳಿಯದೆ, ನೌಕರಿಯ ಬಾಗಿಲಿನ ಅಗಳಿಯಾಯಿತು.

ಗೋಕಾಕದಂಥ ಊರಿನಲ್ಲಿ ಈ ಮಾತು ಬೇಗ ಅನುಭವಕ್ಕೆ ಬಂದಿತು. 1880ರ ದಶಕದಲ್ಲಿ ಜಲಪಾತದ ಬಲದಿಂದ ನೂಲಿನ ಗಿರಣಿಯು ನಡೆಯಹತ್ತಿತು. ಗಿರಣಿ, ರೇಲ್ವೆ, ಮಾಮಲೇದಾರರ ಕಚೇರಿ ಇವೆಲ್ಲವುಗಳಲ್ಲಿ ಇಂಗ್ಲೀಷು ಓದುಬರಹಕ್ಕೆ ಬೆಲೆಯಿದ್ದಿತು. ಕನ್ನಡ ಶಾಲೆಯಲ್ಲಿ ಮುಲ್ಕಿ ಪರೀಕ್ಷೆಯನ್ನು ದಾಟಿದವನು ಹಳ್ಳಿಯ ಮಾಸ್ತರನಾಗಬಹುದು. ಅದಕ್ಕೂ ಮೇಲಿನ ಪಗಾರ ಬೇಕೆಂದರೆ ಇಂಗ್ಲೀಷು ಇಯತ್ತೆಗಳನ್ನು ಓದಿ ಮೆಟ್ರಿಕ್ ಆಗಬೇಕು. ಅದಕ್ಕಾಗಿ ಬೆಳಗಾವಿಗೋ ಧಾರವಾಡಕ್ಕೋ ಹೋಗಿ ಊಟ ವಸತಿಗಳ ವೆಚ್ಚವನ್ನು ಹೊರಬೇಕು. ಒಂದು ಸಕಾರವನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕೆಂಬ ಪ್ರಶ್ನೆಯ ಹಿಂದೆ ಒಕ್ಕಲಿಗರ ಮನೆಯ ಎತ್ತು, ಹೊಲ, ಸಾಲಗಳು ನಿಂತಿದ್ದವು ಎಂದರೆ ಅತಿಶಯೋಕ್ತಿಯಲ್ಲ.

ವಿದ್ಯಾರ್ಥಿಗಳ ಕೈಗೆ ಬಂದ ವ್ಯಾಕರಣಗಳಾದರೂ ಎಂಥವು? ಇಂಗ್ಲೆಂಡದಲ್ಲಿಯೇ ಇಂಗ್ಲೀಷು ವ್ಯಾಕರಣವು ಬಹಳ ಹಳೆಯ ಶಾಸ್ತ್ರವಲ್ಲ. ಮುಂದೆ ಲಂಡನ್ ನಗರದ ಬಿಶಪ್ ಆದ ರಾಬರ್ಟ್ ಲೌತನು 1762ರಲ್ಲಿ ತನ್ನ ಚಿಕ್ಕ ವ್ಯಾಕರಣವನ್ನು ಪ್ರಕಟಿಸಿದನು. ಅಮೇರಿಕೆಯಲ್ಲಿ ಹುಟ್ಟಿ ಯಾರ್ಕ್ ನಗರದಲ್ಲಿ ನೆಲಸಿದ ಲಿಂಡ್ಲೆ ಮರೆಯು 1795ರಲ್ಲಿ ಬರೆದ ವ್ಯಾಕರಣವು ಹಲವು ದಶಕಗಳ ವರೆಗೆ ಇಂಗ್ಲೀಷು ಶಾಲೆಗಳನ್ನು ಆಳಿತು. ಹಿಂದುಸ್ಥಾನದ ವಿದ್ಯಾರ್ಥಿಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೆಸ್‌ಫೀಲ್ಡನ ಪುಸ್ತಕಮಾಲೆಯು ಬಂದಿತು. ಆತನು ವಾಯವ್ಯ ಪ್ರಾಂತ ಮತ್ತು ಔಧಗಳ ವಿದ್ಯಾಖಾತೆಯ ಮುಖ್ಯಾಧಿಕಾರಿಯಾಗಿದ್ದವನು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಇವರ ಹಾಯಸ್ಕೂಲು ವ್ಯಾಕರಣವು ಅದರ ಸ್ಥಾನವನ್ನು ಹಿಡಿಯಿತು. ಮುಂಬಯಿ ಪ್ರಾಂತದ ವಿದ್ಯಾಖಾತೆಯಲ್ಲಿ ನೌಕರಿ ಮಾಡಿದ ಈ ರೆನ್ ಎಂಬವನೇ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯನ್ನು ಬರೆದು ಲೋಕಪ್ರಸಿದ್ಧನಾದನು. ಎನ್. ಡಿ. ವಿ. ಪ್ರಸಾದರಾಯರು ಪರಿಷ್ಕರಿಸಿದ ಆ ವ್ಯಾಕರಣವು ಈಗಲೂ ಪುಸ್ತಕದಂಗಡಿಗಳಲ್ಲಿ ದೊರೆಯುತ್ತದೆ. ಈ ಗ್ರಂಥಗಳೆಲ್ಲ ಉಪಯುಕ್ತವಾದವೇ. ಆದರೆ ಓದುವ ಹುಡುಗನ ಮನೆಯ ಮಾತು ಯಾವದೆಂಬದನ್ನು ಅವು ಕೇಳುವದಿಲ್ಲ. ಕಾಶಿಯ ಹುಡುಗನಿಗೂ ಹುಕ್ಕೇರಿಯ ಹುಡುಗನಿಗೂ ಒಂದೇ ಪಾಠವನ್ನು ಹೇಳುತ್ತವೆ.

ಇದೇ ಕಾಲದಲ್ಲಿ ಇನ್ನೊಂದು ದಿಕ್ಕಿನಿಂದ ಕನ್ನಡದ ವ್ಯಾಕರಣಗಳೂ ಅಚ್ಚಾಗುತ್ತಿದ್ದವು. ವಿಲಿಯಂ ಕೇರಿಯು 1817ರಲ್ಲಿ ಶ್ರೀರಾಮಪುರದಲ್ಲಿಯೂ, ಮೆಕೆರೆಲ್ಲನು 1820ರಲ್ಲಿ ಮದರಾಸಿನಲ್ಲಿಯೂ, ಹಾಡ್ಸನ್ನನು 1859ರಲ್ಲಿ ಬೆಂಗಳೂರಿನಲ್ಲಿಯೂ ಕನ್ನಡ ವ್ಯಾಕರಣಗಳನ್ನು ಇಂಗ್ಲೀಷಿನಲ್ಲಿ ಪ್ರಕಟಿಸಿದರು. ಕಿಟ್ಟೆಲ್ ಪಂಡಿತರು 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1903ರಲ್ಲಿ ತಮ್ಮ ದೊಡ್ಡ ವ್ಯಾಕರಣವನ್ನು ಹೊರತಂದರು. ಪರದೇಶದವರು ಕನ್ನಡವನ್ನು ಕಲಿಯುವಾಗ ತಮ್ಮ ಭಾಷೆಯ ನಿಯಮವನ್ನೂ ಕನ್ನಡದ ನಿಯಮವನ್ನೂ ಎದುರೆದುರಿಗಿಟ್ಟು ನೋಡಿದರು. ಕನ್ನಡದ ಹುಡುಗನು ಇಂಗ್ಲೀಷನ್ನು ಕಲಿಯುವಾಗ ಅವನಿಗೆ ಆ ಸೌಕರ್ಯವು ದೊರೆಯಲಿಲ್ಲ. ಕೃಷ್ಣಮಾಚಾರ್ಯರು 1838ರಲ್ಲಿಯೇ ‘ಹೊಸಗನ್ನಡ ನುಡಿಗನ್ನಡಿ’ಯನ್ನು ಬರೆದಿದ್ದರೂ ಅದು ದಕ್ಷಿಣದ ಮದರಾಸಿನ ಪ್ರಕಟಣೆ; ಮುಂಬಯಿ ಪ್ರಾಂತದ ಶಾಲೆಗಳ ದಾರಿ ಬೇರೆಯಾಗಿದ್ದಿತು.

3. ಒಂದು ಹಲಗೆ, ಮೂರು ನಿಯಮಗಳು

ಈ ಸೀಮೆಯ ಶಾಲೆಗಳಲ್ಲಿ ಒಂದೇ ಹಲಗೆಯ ಮೇಲೆ ಕನ್ನಡದ ಮನೆಯವನೂ ಮರಾಠಿಯ ಮನೆಯವನೂ ಕೂಡಿ ಕುಳಿತಿರುವದು ಸಾಮಾನ್ಯ. ಇವರಿಬ್ಬರ ಹೊಂದಿಕೆಯ ನಿಯಮಗಳು ಬೇರೆ ಬೇರೆ. ಕನ್ನಡದಲ್ಲಿ “ರಾಮನು ರೊಟ್ಟಿಯನ್ನು ತಿಂದನು” ಎಂಬಲ್ಲಿ ಕ್ರಿಯಾಪದವು ರಾಮನನ್ನು ಹಿಂಬಾಲಿಸುತ್ತದೆ. ಮರಾಠಿಯ ಭೂತಕಾಲದಲ್ಲಿ “ರಾಮಾನೇ ಭಾಕರೀ ಖಾಲ್ಲೀ” ಎಂದಾಗ ಕ್ರಿಯಾಪದವು ರಾಮನನ್ನು ಬಿಟ್ಟು ಸ್ತ್ರೀಲಿಂಗದ ಭಾಕರಿಯನ್ನು ಹಿಂಬಾಲಿಸುತ್ತದೆ. ಅದೇ ರಾಮನು ಮಾವಿನ ಹಣ್ಣನ್ನು ತಿಂದರೆ “ಆಂಬಾ ಖಾಲ್ಲಾ” ಎಂದು ಪುಲ್ಲಿಂಗವಾಗುವದು. ಅಂದರೆ ತಿಂದವನಿಗಿಂತ ತಿಂದ ಪದಾರ್ಥವೇ ಅಲ್ಲಿ ಕ್ರಿಯಾಪದವನ್ನು ಆಳುವದು. ಇನ್ನು ಇಂಗ್ಲೀಷಿನಲ್ಲಿ ರಾಮನು ತಿಂದರೂ ಸೀತೆಯು ತಿಂದರೂ, ಒಬ್ಬರು ತಿಂದರೂ ಹತ್ತು ಮಂದಿ ತಿಂದರೂ ಭೂತಕಾಲದಲ್ಲಿ “ಏಟ್” ಎಂಬ ಒಂದೇ ರೂಪ.

ಇದರ ಮೇಲೆ ಪಾರಿಭಾಷಿಕ ಶಬ್ದಗಳ ಗೊಂದಲವೂ ಸೇರಿತು. ಕನ್ನಡ ವ್ಯಾಕರಣವು ಸಂಸ್ಕೃತದ ಮಾರ್ಗವನ್ನು ಹಿಡಿದು “ನಾನು” ಎಂಬದನ್ನು ಉತ್ತಮ ಪುರುಷವೆಂದೂ, “ನೀನು” ಎಂಬದನ್ನು ಮಧ್ಯಮ ಪುರುಷವೆಂದೂ, “ಅವನು” ಎಂಬದನ್ನು ಪ್ರಥಮ ಪುರುಷವೆಂದೂ ಕರೆಯುತ್ತದೆ. ಮರಾಠಿ ಶಾಲೆಯ ವ್ಯಾಕರಣವು ಇಂಗ್ಲೀಷಿನ ಕ್ರಮವನ್ನು ಹಿಡಿದು “ನಾನು” ಎಂಬದನ್ನೇ ಪ್ರಥಮ ಪುರುಷವೆಂದು ಕರೆಯುತ್ತದೆ. ಇಂಗ್ಲೀಷು ಪುಸ್ತಕದ “ಫರ್ಸ್ಟ್ ಪರ್ಸನ್” ಎಂಬದನ್ನು ಪ್ರಥಮ ಪುರುಷವೆಂದು ತಿಳಿದುಕೊಂಡ ಕನ್ನಡದ ಹುಡುಗನು “ಐ” ಎಂಬಲ್ಲಿ “ಹೀ” ಎಂದು ಅರ್ಥಮಾಡಿಕೊಳ್ಳುವನು. “ಥರ್ಡ್ ಪರ್ಸನ್ ಏಕವಚನಕ್ಕೆ ಸಕಾರವನ್ನು ಹಚ್ಚಬೇಕು” ಎಂಬ ಸೂತ್ರವನ್ನು ಬಾಯಿಪಾಠ ಮಾಡಿದರೂ ಆ ಮೂರನೆಯವನು ಯಾರೆಂಬದೇ ತಿಳಿಯದಿದ್ದರೆ ಆ ಸೂತ್ರದಿಂದ ಪ್ರಯೋಜನವಿಲ್ಲ.

ಭಾಷೆಗಳು ನೆರೆಹೊರೆಯಾಗಿ ಬಾಳಿದಾಗ ಏನಾಗುವದೆಂಬದಕ್ಕೆ ಈ ಸೀಮೆಯ ಉತ್ತರಕ್ಕಿರುವ ಸಾಂಗಲಿ ಜಿಲ್ಲೆಯ ಕುಪವಾಡವು ಜಗತ್ತಿನ ಭಾಷಾಶಾಸ್ತ್ರಜ್ಞರಿಗೆಲ್ಲ ಪರಿಚಿತವಾದ ನಿದರ್ಶನವಾಗಿದೆ. ಕನ್ನಡ, ಮರಾಠಿ, ಉರ್ದು ಮಾತುಗಳು ತಲೆಮಾರುಗಳಿಂದ ಕೂಡಿ ಬಾಳಿದ ಆ ಗ್ರಾಮವನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅಲ್ಲಿಯ ಮರಾಠಿ ಮತ್ತು ಉರ್ದುಗಳಲ್ಲಿ ನಿರ್ಜೀವ ವಸ್ತುಗಳ ಸ್ತ್ರೀ-ಪುರುಷ ಭೇದವು ಅಳಿದು, ಕ್ರಿಯಾಪದದ ಹೊಂದಿಕೆಯು ಕನ್ನಡದ ಪದ್ಧತಿಗೆ ಬಂದು ನಿಂತಿರುವದನ್ನು ಅವರು ತೋರಿಸಿದರು. ಅಂದರೆ ಮನುಷ್ಯನು ಪರಭಾಷೆಯನ್ನಾಡುವಾಗ ಶಬ್ದಗಳನ್ನು ಬದಲಿಸುವನು, ಹೊಂದಿಕೆಯ ಅಚ್ಚನ್ನು ಮಾತ್ರ ಬೇಗ ಬಿಡಲಾರನು. ಕುಪವಾಡದಲ್ಲಿ ಇದು ಊರಿನ ಮಾತಿನ ರೀತಿಯಾಯಿತು. ಶಾಲೆಯ ಪರೀಕ್ಷೆಯಲ್ಲಿ ಇದೇ ತಪ್ಪೆಂದು ಎಣಿಸಲ್ಪಡುವದು.

4. ವಿದ್ಯಾರ್ಥಿಗಳ ಪ್ರಶ್ನೆಗಳು

ಶಾಲೆಗಳಲ್ಲಿ ಮೇಲಿಂದ ಮೇಲೆ ಏಳುವ ಪ್ರಶ್ನೆಗಳನ್ನು ಈ ಹಿನ್ನೆಲೆಯಲ್ಲಿ ಪರೀಕ್ಷಿಸುವದು ಅವಶ್ಯವಾಗಿದೆ.

ಎಲ್ಲಕ್ಕೂ ಮಿಗಿಲಾದದ್ದು ಮರ್ಯಾದೆಯ ಪ್ರಶ್ನೆ. “ಗುರುಗಳು ಬಂದರು”, “ಅಪ್ಪಾವರು ಊಟ ಮಾಡಿದರು” ಎಂದು ಆಡುವ ಮನೆಯ ಹುಡುಗನು ಗುರುಗಳಿಗೆ “ಈಜ್” ಎಂಬ ಏಕವಚನವನ್ನು ಹಚ್ಚಲು ಹಿಂಜರಿದರೆ ಅದು ಸಂಸ್ಕಾರದ ಫಲವೇ ಹೊರತು ದಡ್ಡತನವಲ್ಲ. ಒಬ್ಬನೇ ಆದರೂ ಹಿರಿಯನಾದವನಿಗೆ ಬಹುವಚನದ ಕ್ರಿಯಾಪದವು ಸಲ್ಲಬೇಕೆಂಬದು ಕನ್ನಡದ ಧರ್ಮ. ಇಂಗ್ಲೀಷಿನಲ್ಲಿ ಇಂಥ ಧರ್ಮವೇ ಇಲ್ಲವೆಂದು ಹೇಳುವದು ಸರಿಯಲ್ಲ. ಒಂದು ಕಾಲಕ್ಕೆ ಆ ಭಾಷೆಯಲ್ಲಿಯೂ “ದೌ” ಎಂಬದು “ನೀನು”, “ಯೂ” ಎಂಬದು “ನೀವು” ಆಗಿದ್ದವು. ದೊಡ್ಡವರನ್ನು ಬಹುವಚನದಿಂದ ಕರೆಯುವ ಪದ್ಧತಿಯು ಹದಿಮೂರನೆಯ ಶತಮಾನದ ಸುಮಾರಿಗೆ ಬೇರೂರಿ, ಬರಬರುತ್ತ ಎಲ್ಲರಿಗೂ ಅದೇ ಮರ್ಯಾದೆಯು ಸಲ್ಲತೊಡಗಿ, “ದೌ” ಎಂಬದು ನಿತ್ಯದ ಮಾತಿನಿಂದ ಮರೆಯಾಯಿತು. ಹದಿನೇಳನೆಯ ಶತಮಾನದ ಕ್ವೇಕರ್ ಪಂಥದವರು ಮನುಷ್ಯರಲ್ಲಿ ಉಚ್ಚ-ನೀಚವೆಂಬ ಭೇದ ಸಲ್ಲದೆಂದು ಹೇಳಿ ಅಧಿಕಾರಿಗಳನ್ನು ಕೂಡ “ದೌ” ಎಂದು ಕರೆದು ಕಷ್ಟಗಳಿಗೆ ಗುರಿಯಾದರು. ಒಬ್ಬನನ್ನು ಕುರಿತು “ಯೂ ವಾಜ್” ಎಂದು ಬರೆಯುವ ರೂಢಿಯು ಹದಿನೆಂಟನೆಯ ಶತಮಾನದಲ್ಲಿ ತಲೆದೋರಿದಾಗ ಲೌತನು ಅದನ್ನು ಬಲವಾಗಿ ಖಂಡಿಸಿದನು. “ಯೂ” ಎಂಬದು ಬಹುವಚನವಾದುದರಿಂದ “ವರ್” ಎಂದೇ ಇರಬೇಕೆಂಬದು ಅವನ ಮತವು. ಆದುದರಿಂದ ಇಂಗ್ಲೀಷಿನವನು ಒಬ್ಬ ವ್ಯಕ್ತಿಗೆ “ಯೂ ಆರ್” ಎನ್ನುವಾಗ “ನೀವು ಇದ್ದೀರಿ” ಎಂಬ ನಮ್ಮ ಮರ್ಯಾದೆಯ ನಿಯಮವನ್ನೇ ಪಾಲಿಸುತ್ತಿರುವನು. ಮರ್ಯಾದೆಯು ಅಲ್ಲಿ ಎದುರಿನವನ ವರೆಗೆ ಬಂದು ನಿಂತಿತು, ಕಣ್ಣಿಗೆ ಮರೆಯಾದವನ ವರೆಗೆ ಹೋಗಲಿಲ್ಲ. ಇಷ್ಟನ್ನು ಒಮ್ಮೆ ಕನ್ನಡದಲ್ಲಿ ತಿಳಿಸಿದರೆ, ತಂದೆಗೆ “ಈಜ್” ಎನ್ನುವದು ಅಗೌರವವಲ್ಲವೆಂಬದು ಹುಡುಗನ ಮನಸ್ಸಿಗೆ ನೆಡುವದು.

ಎರಡನೆಯದು ಆ ಸಕಾರದ ಪ್ರಶ್ನೆ. ಅದು ವರ್ತಮಾನಕಾಲದಲ್ಲಿ ಒಂದೇ ಒಂದು ಕಡೆ ಏಕೆ ಬರುತ್ತದೆ? ಪ್ರಾಚೀನ ಇಂಗ್ಲೀಷಿನಲ್ಲಿ ನಮ್ಮಂತೆಯೇ ನಾನು, ನೀನು, ಅವನು, ಅವರು ಎಂಬವಕ್ಕೆ ಬೇರೆ ಬೇರೆ ಪ್ರತ್ಯಯಗಳಿದ್ದವು. ಅವು ಕಾಲಕ್ರಮದಲ್ಲಿ ಸವೆದುಹೋದವು. 1611ರ ಬೈಬಲ್ಲಿನ ಭಾಷಾಂತರದಲ್ಲಿ “ಹೀ ಗೋಎಥ್” ಎಂಬಂಥ ರೂಪಗಳೇ ಇವೆ. ಉತ್ತರ ಇಂಗ್ಲೆಂಡದ ಮಾತಿನಿಂದ ಬಂದ ಸಕಾರವು ಅವುಗಳನ್ನು ಹಿಂದೆ ನೂಕಿತು. ಕೆಡವಿದ ಮನೆಯಲ್ಲಿ ಉಳಿದ ಒಂದೇ ಕಂಬದಂತೆ ಈ ಸಕಾರವು ಉಳಿದಿದೆ. ಕನ್ನಡದ ಪ್ರತ್ಯಯವು ಕರ್ತೃವನ್ನು ತಿಳಿಸುವ ಕೆಲಸವನ್ನು ಮಾಡುತ್ತದೆ. ಇಂಗ್ಲೀಷಿನಲ್ಲಿ ಕರ್ತೃಪದವನ್ನು ಹೇಳಿಯೇ ತೀರಬೇಕಾದುದರಿಂದ ಸಕಾರವು ಹೊಸದಾಗಿ ಏನನ್ನೂ ತಿಳಿಸುವದಿಲ್ಲ. ಕೆಲಸವಿಲ್ಲದ ಆಳನ್ನು ಮರೆಯುವದು ಸಹಜವಾದುದರಿಂದಲೇ ವಿದ್ಯಾರ್ಥಿಗಳು ಅದನ್ನು ಮರೆಯುವರು.

ಮೂರನೆಯದು ನಿಷೇಧದ ಪ್ರಶ್ನೆ. “ಹೀ ಡೋಂಟ್ ಕಮ್” ಎಂಬ ತಪ್ಪು ಪ್ರೌಢ ವಿದ್ಯಾರ್ಥಿಗಳಲ್ಲಿಯೂ ಕಾಣುವದು. ಹಳಗನ್ನಡದಲ್ಲಿ “ಬಾರೆಂ, ಬಾರಂ, ಬಾರಳ್, ಬಾರರ್” ಎಂದು ನಿಷೇಧದಲ್ಲಿಯೂ ಹೊಂದಿಕೆಯಿದ್ದಿತು. ಇಂದಿನ ಕನ್ನಡದಲ್ಲಿ “ನಾನು ಬರುವದಿಲ್ಲ, ಅವನು ಬರುವದಿಲ್ಲ, ಅವರು ಬರುವದಿಲ್ಲ” ಎಂದು ಎಲ್ಲರಿಗೂ ಒಂದೇ ರೂಪ. “ಬೇಕು, ಬೇಡ, ಸಾಕು” ಎಂಬವೂ ಹೀಗೆಯೇ ಬದಲಾಗದವು. ಮನೆಯ ಮಾತಿನಲ್ಲಿ ಹೊಂದಿಕೆಯು ಇಲ್ಲದ ಜಾಗದಲ್ಲಿಯೇ ಇಂಗ್ಲೀಷು “ಡಜ್” ಎಂಬ ಹೊಸ ಆಳನ್ನು ತಂದು ಅವನ ತಲೆಯ ಮೇಲೆ ಸಕಾರವನ್ನು ಹೊರಿಸುತ್ತದೆ. ಪ್ರಶ್ನೆಯಲ್ಲಿ ಇದರ ವಿಪರೀತ. “ಅವನು ಬರುತ್ತಾನೆಯೆ?” ಎಂದು ಕೇಳುವಾಗ ಕನ್ನಡದ ಮುಖ್ಯ ಕ್ರಿಯಾಪದವು ತನ್ನ ಪ್ರತ್ಯಯವನ್ನು ಬಿಡುವದಿಲ್ಲ, ಆದುದರಿಂದ ಹುಡುಗನು “ಡಜ್ ಹೀ ಕಮ್ಸ್” ಎಂದು ಎರಡು ಕಡೆಗೂ ಸಕಾರವನ್ನು ಹಚ್ಚುವನು. ಸಕಾರವು ಒಂದೇ, ಹೊರುವವನೂ ಒಬ್ಬನೇ ಎಂದು ಹೇಳಿದರೆ ಸಾಕಾಗುವದು.

ನಾಲ್ಕನೆಯದು “ನನಗೆ” ಎಂಬ ಪದದಿಂದ ಹುಟ್ಟುವದು. “ನನಗೆ ಎರಡು ಮನೆಗಳಿವೆ” ಎಂಬ ಕನ್ನಡದ ವಾಕ್ಯದಲ್ಲಿ ಕ್ರಿಯಾಪದವು ಮನೆಗಳನ್ನು ಹಿಂಬಾಲಿಸುವದು. ಇಂಗ್ಲೀಷಿನಲ್ಲಿ ಮನೆಗಳ ಒಡೆಯನೇ ಕರ್ತೃ. ಆದುದರಿಂದ ಅವನಿಗೆ ಹತ್ತು ಮನೆಗಳಿದ್ದರೂ “ಹೀ ಹ್ಯಾಜ್” ಎಂದೇ ಆಗಬೇಕು. ಮನೆಗಳ ಬಹುವಚನವನ್ನು ನೋಡಿ “ಹ್ಯಾವ್” ಎಂದು ಬರೆದವನು ಕನ್ನಡದ ಕಣ್ಣಿನಿಂದ ಇಂಗ್ಲೀಷನ್ನು ನೋಡಿರುವನು.

ಇಲ್ಲಿಯ ವರೆಗೆ ಹೇಳಿದವೆಲ್ಲ ಎರಡು ನಿಯಮಗಳು ಬೇರೆಯಾಗುವ ಸ್ಥಳಗಳು. ಅವು ಕೂಡುವ ಸ್ಥಳಗಳೂ ಉಂಟು, ಅವುಗಳನ್ನು ಶಾಲೆಗಳಲ್ಲಿ ತೋರಿಸಿಕೊಡುವದು ಕಡಿಮೆ. “ಹುಡುಗರಲ್ಲಿ ಒಬ್ಬನು ಬಂದನು” ಎಂಬಲ್ಲಿ ಯಾವ ಕನ್ನಡಿಗನೂ “ಬಂದರು” ಎನ್ನುವದಿಲ್ಲ. “ಒನ್ ಆಫ್ ದಿ ಬಾಯ್ಸ್” ಎಂಬುದರ ಮುಂದೆ “ಈಜ್” ಬರುವದು ಇದೇ ನ್ಯಾಯದಿಂದ. “ಅರಸನು ಮಂತ್ರಿಗಳೊಡನೆ ಬಂದನು” ಎಂಬಲ್ಲಿ ಮಂತ್ರಿಗಳು ಎಷ್ಟು ಜನರಿದ್ದರೂ ಕ್ರಿಯಾಪದವು ಅರಸನದು. “ವಿದ್” ಎಂಬ ಶಬ್ದ ಬಂದಾಗ ಇಂಗ್ಲೀಷಿನಲ್ಲಿಯೂ ಹೀಗೆಯೇ. “ಹತ್ತು ರೂಪಾಯಿ ಐತಿ” ಎನ್ನುವವನು ಹತ್ತನ್ನೂ ಕೂಡಿಸಿ ಒಂದು ಮೊತ್ತವೆಂದು ಎಣಿಸುವನು. “ಟೆನ್ ರುಪೀಜ್ ಈಜ್” ಎಂಬದೂ ಅದೇ ಎಣಿಕೆ. “ರೊಟ್ಟಿ ಪಲ್ಯ ಆತು” ಎಂದು ಗೃಹಿಣಿಯು ಹೇಳುವಂತೆ ಇಂಗ್ಲೀಷಿನವನು ತನ್ನ ರೊಟ್ಟಿ-ಬೆಣ್ಣೆಯನ್ನು ಒಂದೇ ಊಟವೆಂದು ಭಾವಿಸಿ ಏಕವಚನದಲ್ಲಿ ಹೇಳುವನು. “ಜನ ಬಂದರು” ಎಂಬಲ್ಲಿ ಏಕವಚನದ ಜನವು ಬಹುವಚನದ ಕ್ರಿಯಾಪದವನ್ನು ಪಡೆಯುತ್ತದೆ, “ಸೈನ್ಯ ಬಂದಿತು” ಎಂಬಲ್ಲಿ ಪಡೆಯುವದಿಲ್ಲ. ಸಮುದಾಯವಾಚಕದಲ್ಲಿ ಇಂಗ್ಲೀಷಿನವರೂ ಒಮ್ಮತದಿಂದಿಲ್ಲ: “ಕಮಿಟಿ” ಎಂಬದನ್ನು ಅಮೇರಿಕೆಯವರು ಸಾಮಾನ್ಯವಾಗಿ ಏಕವಚನವಾಗಿಯೇ ಬಳಸುವರು, ಇಂಗ್ಲೆಂಡದವರು ಅದರ ಸದಸ್ಯರು ಮನಸ್ಸಿಗೆ ಬಂದಾಗ ಬಹುವಚನವಾಗಿಯೂ ಬಳಸುವರು.

5. ಮುಂದಿನ ಕಥೆ

ಇಂಗ್ಲೀಷು ಮತ್ತು ಕನ್ನಡಗಳ ಈ ಸಂಬಂಧದ ವಿಚಾರವು ಸರಕಾರದ ನೀತಿಯೊಡನೆ ಹಲವು ಸಲ ತಿರುವು ಪಡೆಯಿತು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥಗಳಿಗೆ ಪ್ರೋತ್ಸಾಹವನ್ನು ಕೊಟ್ಟಿತು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು, 1933ರಲ್ಲಿ ಅದರ ಲಿಂಗರಾಜ ಕಾಲೇಜು ಹುಟ್ಟಿ, ಹಳ್ಳಿಯ ಹುಡುಗರಿಗೆ ಉಚ್ಚ ಶಿಕ್ಷಣವು ಸಮೀಪಕ್ಕೆ ಬಂದಿತು. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರವು ಕೆಳಗಿನ ಇಯತ್ತೆಗಳಿಂದ ಇಂಗ್ಲೀಷನ್ನು ತೆಗೆದು ಎಂಟನೆಯ ಇಯತ್ತೆಯಿಂದ ಕಲಿಸುವ ನೀತಿಯನ್ನು ಹಿಡಿಯಿತು. 1956ರ ನವ್ಹೆಂಬರ 1ರಂದು ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಅರ್ಧ ಶತಮಾನದ ನಂತರ, 2007ರ ಸುಮಾರಿಗೆ, ಕರ್ನಾಟಕ ಸರಕಾರವು ಒಂದನೆಯ ಇಯತ್ತೆಯಿಂದಲೇ ಇಂಗ್ಲೀಷನ್ನು ಒಂದು ವಿಷಯವಾಗಿ ಪ್ರಾರಂಭಿಸಿತು. ಪ್ರಾರಂಭದ ವಯಸ್ಸು ಹಿಂದೆ ಮುಂದೆ ಆಯಿತು. ಕನ್ನಡದ ನಿಯಮದ ಮೂಲಕ ಇಂಗ್ಲೀಷಿನ ನಿಯಮವನ್ನು ತಿಳಿಸುವ ಕೆಲಸವು ಮಾತ್ರ ಹಿಂದೆ ಬಿದ್ದಿತು.

ಮನೆತನದ ಹೆಸರಿನಲ್ಲಿ ಗೋಕಾಕವನ್ನು ಹೊತ್ತ ವಿನಾಯಕ ಕೃಷ್ಣ ಗೋಕಾಕರ ಜೀವನವು ಇಲ್ಲಿ ಮನನೀಯವಾಗಿದೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡದಲ್ಲಿ ಓದಿ, ಇಂಗ್ಲೀಷಿನ ಪ್ರಾಧ್ಯಾಪಕರಾಗಿ, ಹೈದರಾಬಾದಿನ ಕೇಂದ್ರೀಯ ಇಂಗ್ಲೀಷು ಸಂಸ್ಥೆಯ ನಿರ್ದೇಶಕರಾಗಿದ್ದರು. ಅಂದರೆ ಹಿಂದುಸ್ಥಾನದ ಶಿಕ್ಷಕರಿಗೆ ಇಂಗ್ಲೀಷನ್ನು ಕಲಿಸುವ ಬಗೆಯನ್ನು ತಿಳಿಸುವ ಪೀಠದಲ್ಲಿ ಅವರು ಕುಳಿತಿದ್ದರು. ಅವರೇ 1980ರಲ್ಲಿ ಕರ್ನಾಟಕ ಸರಕಾರವು ನೇಮಿಸಿದ ಭಾಷಾ ಸಮಿತಿಯ ಅಧ್ಯಕ್ಷರಾಗಿ, 1981ರ ಜನೇವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿದರು. ಆ ವರದಿಯನ್ನು ಜಾರಿಗೆ ತರಬೇಕೆಂದು 1982ರಲ್ಲಿ ನಾಡೆಲ್ಲ ಎದ್ದು ನಿಂತ ಚಳವಳಿಯು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಂಗ್ಲೀಷನ್ನು ಆಳವಾಗಿ ಬಲ್ಲವರೇ ಕನ್ನಡವನ್ನು ಮೊದಲು ಇಡಬೇಕೆಂದು ಹೇಳಿದ್ದರಲ್ಲಿ ವಿರೋಧವೇನೂ ಇಲ್ಲ. ಎರಡನೆಯ ಭಾಷೆಯು ಮೊದಲನೆಯದರ ಹೆಗಲ ಮೇಲೆ ನಿಲ್ಲುವದೆಂಬದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿದ ಚಂದ್ರಶೇಖರ ಕಂಬಾರರು ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು, 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ತಮ್ಮ ಸೀಮೆಯ ಆಡುನುಡಿಯನ್ನೇ ಕಾವ್ಯ-ನಾಟಕಗಳಿಗೆ ತಂದ ಅವರನ್ನು ಆ ಆಡುನುಡಿಯು ಎಲ್ಲಿಯೂ ತಡೆಯಲಿಲ್ಲ.

ಕನ್ನಡ ವ್ಯಾಕರಣದ ಪಾಠವೂ ಪರಿಷ್ಕಾರವನ್ನು ಬೇಡುತ್ತದೆ. ಡಿ. ಎನ್. ಶಂಕರಭಟ್ಟರು 2000ದಲ್ಲಿ ಪ್ರಕಟಿಸಿದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದಲ್ಲಿ, ಸಂಸ್ಕೃತದ ಅಚ್ಚಿನಲ್ಲಿ ಎರೆದ ಶಾಲಾ ವ್ಯಾಕರಣವು ಕನ್ನಡದ ನಿಜ ಸ್ವರೂಪವನ್ನು ತೋರಿಸುವದಿಲ್ಲವೆಂದು ವಾದಿಸಿದರು. ಅವರ ಎಲ್ಲ ಮತಗಳನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಮಗುವು ಆಡುವ ಮಾತಿನಿಂದಲೇ ವ್ಯಾಕರಣವು ಪ್ರಾರಂಭವಾಗಬೇಕೆಂಬ ಮಾತಿಗೆ ಗೋಕಾವಿ ಸೀಮೆಯ ಅನುಭವವು ಸಾಕ್ಷಿಯನ್ನು ನುಡಿಯುತ್ತದೆ.

ಇಷ್ಟನ್ನು ಹೇಳಿದ್ದರಿಂದ ತಪ್ಪನ್ನು ತಪ್ಪೆನ್ನಬಾರದೆಂಬ ಅರ್ಥವಲ್ಲ. ಇಂಗ್ಲೀಷಿನಲ್ಲಿ ಬರೆಯುವವನು ಇಂಗ್ಲೀಷಿನ ನಿಯಮಕ್ಕೆ ತಲೆಬಾಗಲೇಬೇಕು. ಪರೀಕ್ಷೆಯೂ ನೌಕರಿಯೂ ಅವನಿಗಾಗಿ ನಿಯಮವನ್ನು ಬದಲಿಸುವದಿಲ್ಲ. ಆದರೆ ತಿದ್ದುವದರಲ್ಲಿ ಎರಡು ರೀತಿಗಳುಂಟು. ಕೆಂಪು ಗೆರೆಯನ್ನೆಳೆದು ಸುಮ್ಮನಾಗುವದು ಒಂದು ರೀತಿ. ಆ ಹುಡುಗನು ತನ್ನ ತಲೆಯೇ ಮಂದವೆಂದು ತಿಳಿದು, ಒಂದೆರಡು ಸಲ ನಪಾಸಾಗಿ, ಓದನ್ನು ಬಿಡುವನು. “ನಿನ್ನ ಮನೆಯಲ್ಲಿ ಹೀಗೆನ್ನುವರು, ಅದು ಅಲ್ಲಿ ಸರಿ, ಇಂಗ್ಲೀಷಿನವರ ಮನೆಯಲ್ಲಿ ಹೀಗೆನ್ನುವರು, ಇಲ್ಲಿ ಇದು ಸರಿ” ಎಂದು ಎರಡನ್ನೂ ಮುಂದಿಟ್ಟು ತೋರಿಸುವದು ಇನ್ನೊಂದು ರೀತಿ. ಇದಕ್ಕೆ ಹೊಸ ಪುಸ್ತಕಗಳ ಖರ್ಚೂ ದೊಡ್ಡ ಪದವಿಯೂ ಬೇಕಾಗಿಲ್ಲ. ಕನ್ನಡದ ಆಖ್ಯಾತವನ್ನು ಬಲ್ಲ ಶಿಕ್ಷಕನೂ, ಮಕ್ಕಳ ಪಾಠವನ್ನು ಸಾಯಂಕಾಲ ಕೇಳುವ ತಂದೆತಾಯಿಗಳೂ ಇದನ್ನು ಮಾಡಬಲ್ಲರು. ಶಾಲೆಗಳಲ್ಲಿ ಇಂಗ್ಲೀಷು ವ್ಯಾಕರಣದ ಮೊದಲ ಪಾಠಕ್ಕಿಂತ ಮುಂಚೆ ಕನ್ನಡದ ಲಿಂಗ, ವಚನ, ಪುರುಷಗಳ ಪಾಠವು ಚೆನ್ನಾಗಿ ನಡೆದರೆ ಈ ಸೀಮೆಯ ಮಕ್ಕಳಿಗೆ ಇಂಗ್ಲೀಷು ಸುಲಭವಾಗುವದು, ತಮ್ಮ ಮಾತಿನ ಮೇಲಿನ ಗೌರವವೂ ಹೆಚ್ಚುವದು.